ಬಣ್ಣ ಹಚ್ಚದ ಜಾಯಿಂಟು

ಕಾಕಾನ ಎಡಗಿವಿಯ ಅಂಚಿನಲ್ಲಿ ಒಂದು ಕಚ್ಚು ಇತ್ತು. ಕುರಿ ಕಾಯುವವರು ಗುರುತಿಗೆಂದು ಕುರಿಯ ಕಿವಿ ಸೀಳಿರುತ್ತಾರಲ್ಲ, ಥೇಟ್ ಹಾಗೆ. ವೆಲ್ಡಿಂಗ್ ಮಾಡಿದ ಕಬ್ಬಿಣ ಪೂರ್ತಿ ಆರುವ ಮೊದಲೇ ಅದಕ್ಕೆ ಕಿವಿ ಹಚ್ಚಿ, ನಟ್ಟು ಬಿಗಿಯುವ ಪಾನಾದಿಂದ ಬಡಿದು ಸದ್ದು ಕೇಳುವುದು ಅವರ ಚಟ. ಒಮ್ಮೆ ಕೆಂಪಗೆ ಕಾದ ತುಣುಕೊಂದು ಕಿವಿಗೇ ಅಂಟಿಕೊಂಡಿತಂತೆ. ಕಿವಿಯ ತುಂಡು ಹೋಯಿತು, ಚಟ ಹೋಗಲಿಲ್ಲ. ಕಣ್ಣಿಗೆ ಕಾಣದ್ದು ಕಿವಿಗೆ ಕೇಳಿಸುತ್ತದೆ ಎಂದು ಅವರು ನಂಬಿದ್ದರು. "ಕಬ್ಣ ಕಣ್ಣಿಗೆ ಸುಳ್ಳ ಹೇಳತೈತಿ ತಮ್ಮಾ, ಕಿವಿಗೆ ಹೇಳೂದಿಲ್ಲ" ಎನ್ನುತ್ತಿದ್ದರು.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿಲ್ಲ. ಊರಿಗೆಲ್ಲ ಕಾಕಾ, ನನಗೂ ಕಾಕಾ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಮುರಿದ ಕಬ್ಬಿಣ ಜೋಡಿಸುತ್ತ ಜೋಡಿಸುತ್ತ ವೆಲ್ಡಿಂಗಿಗೆ ಬಿದ್ದವರು. ಲಕ್ಷ್ಮೇಶ್ವರಕ್ಕೆ ಬಂದು ಅಡರಕಟ್ಟಿಗೆ ಹೋಗುವ ರಸ್ತೆಯ ಬದಿಗೆ ಒಂದು ತಗಡಿನ ಶೆಡ್ಡು ಹಾಕಿದ್ದರು. ಗೋಡೆಗೆ ಟೇಪು ನೇತಾಡುತ್ತಿದ್ದರೂ ಅಳತೆ ತೆಗೆಯುವುದು ನೂಲಿನಲ್ಲಿ. ಅಳೆದ ಕಡೆಯಲ್ಲೆಲ್ಲ ಒಂದು ಗಂಟು. ಆ ಗಂಟುಗಳಲ್ಲಿ ಯಾವುದು ಕಾಲಿನದು, ಯಾವುದು ಅಡ್ಡಪಟ್ಟಿಯದು ಎಂಬುದು ಅವರೊಬ್ಬರಿಗೇ ಗೊತ್ತು.

ನನ್ನದು ಅವಸರದ ಜೀವ. "ಎಂಟ ತಿಂಗಳಿಗೇ ಹುಟ್ಟಿದಿ ನೀ, ಇನ್ನೊಂದ ತಿಂಗಳ ತಡಿಯಾಕ ಆಗ್ಲಿಲ್ಲ" ಎಂದು ಅವ್ವ ಈಗಲೂ ಆಡಿಕೊಳ್ಳುತ್ತಾಳೆ. ನನ್ನ ಹತ್ತಿರ ಒಂದು ಸಣ್ಣ ಲಾರಿ ಇದೆ, ಬೆನ್ನ ಮೇಲೆ ನೀರಿನ ಟ್ಯಾಂಕು. ಕಟ್ಟುವ ಮನೆಗಳಿಗೆ, ಮದುವೆಗಳಿಗೆ ನೀರು ಹಾಕುತ್ತ ಶಿರಹಟ್ಟಿ, ಮುಂಡರಗಿಯ ತನಕ ತಿರುಗುತ್ತೇನೆ. ಆಗ ನೂರೈವತ್ತು ಅಡಿ ರಬ್ಬರ್ ಪೈಪನ್ನು ಟ್ಯಾಂಕಿನ ಮೇಲೆ ಸುತ್ತಿ ಎಸೆದಿರುತ್ತಿದ್ದೆ. ಹೋದಲ್ಲೆಲ್ಲ ಅದರ ಗಂಟು ಬಿಡಿಸುವುದರಲ್ಲೇ ಅರ್ಧ ತಾಸು. ಪೈಪು ಸುತ್ತುವ ಒಂದು ದೊಡ್ಡ ರಾಟಿ, ಅದನ್ನು ಕೂರಿಸಲು ಆಳೆತ್ತರದ ಗಟ್ಟಿ ಸ್ಟ್ಯಾಂಡು, ಕಾಂಪೌಂಡಿನ ಮೇಲಿಂದ ಪೈಪು ಸಲೀಸಾಗಿ ದಾಟುವ ಹಾಗೆ: ಇಷ್ಟು ಕೇಳಿಕೊಂಡು ಕಾಕಾನ ಹತ್ತಿರ ಹೋದೆ. ಎರಡು ದಿನದಲ್ಲಿ ಬೇಕು ಎಂದೆ.

ಅವರು ಪೈಪಿನ ತುದಿ ನನ್ನ ಕೈಗೆ ಕೊಟ್ಟು, "ಎಳಿ" ಎಂದರು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಓರೆಯಾಗಿ, ಎಲ್ಲ ಕಡೆಯಿಂದ ಎಳೆಸಿದರು. ತಾವು ಮಾತ್ರ ಪೈಪನ್ನೂ ನೋಡುತ್ತಿರಲಿಲ್ಲ, ಲಾರಿಯನ್ನೂ ನೋಡುತ್ತಿರಲಿಲ್ಲ.

"ಏನ್ ನೋಡಾಕತ್ತೀರಿ ಕಾಕಾ?"

"ನಿನ್ನ ಕಾಲ. ನೀ ಎಲ್ಲಿ ಹಿಮ್ಮಡಿ ಊರತಿ, ಅಲ್ಲಿ ಸ್ಟ್ಯಾಂಡಿಗೆ ಬ್ಯಾನಿ ಆಕ್ಕೈತಿ."

ಸ್ಟ್ಯಾಂಡು ಮೇಲೆದ್ದಿತು. ಲಾರಿಯ ತಗಡಿಗೆ ಕೂರಿಸಿದರೆ ತಗಡು ಹರಿಯುತ್ತದೆಂದು ಕೆಳಗಿನ ಚಾಸಿಯ ಚೌಕಟ್ಟಿಗೇ ಬೋಲ್ಟು ಬಿಗಿದರು. ನಾಲ್ಕು ಕಾಲು, ನಡುವೆ ಓರೆಯಾಗಿ ಅಡ್ಡಪಟ್ಟಿಗಳು, ಮೇಲೆ ರಾಟಿ. ಆದರೆ ಯಾವ ಜಾಯಿಂಟನ್ನೂ ಅವರು ಪೂರ್ತಿ ಬೆಸೆಯಲಿಲ್ಲ. ಅಲ್ಲಲ್ಲಿ ಚುಕ್ಕೆ ಇಟ್ಟ ಹಾಗೆ ಸಣ್ಣ ಟಾಕಾ ಹೊಡೆದು, ತೆಗೆದುಕೊಂಡು ಹೋಗು ಎಂದರು. ಅವರ ಪದ್ಧತಿಯೇ ಹಾಗೆ. ಮೊದಲು ಟಾಕಾ, ಎಂಟು ದಿನ ಗಾಡಿ ಓಡಬೇಕು, ಎಲ್ಲಿ ಬಿಡುತ್ತದೆ ನೋಡಿಕೊಂಡು ಆಮೇಲೆ ಪೂರ್ತಿ ಬೆಸುಗೆ.

"ನಮ್ಮ ರಸ್ತೆ ಹೇಳತೈತಿ ತಮ್ಮಾ, ಯಾವ ಕಾಲ ಸೋತೈತಿ ಅಂತ. ಅಲ್ಲೀತನಕ ಟ್ಯಾಂಕ್ ಅರ್ಧ ತುಂಬು. ಪೈಪ್ ಜಗ್ಗಿ ಎಳೀಬ್ಯಾಡ. ಬಣ್ಣ ಮಾತ್ರ ಹಚ್ಚಬ್ಯಾಡ. ಬಿರುಕು ಬಿಟ್ಟರ ಕಾಣಬೇಕು. ಕಂಡ ಕೂಡಲೇ ಬಂದು ಹೇಳು."

ಏಳನೆಯ ದಿನ ಬಿರುಕು ಕಂಡಿತು. ಹಿಂದಿನ ಎಡಗಾಲಿಗೆ ಅಡ್ಡಪಟ್ಟಿ ಕೂಡುವಲ್ಲಿ, ಕೂದಲಿನಷ್ಟು. ಮರುದಿನ ಖಂಡೇನವಮಿ, ಗಾಡಿ-ಹತ್ಯಾರಗಳ ಪೂಜೆ. ಓಣಿಯ ಗಾಡಿಗಳೆಲ್ಲ ತೊಳೆದು ಮಿಂಚುತ್ತಿರುವಾಗ ನನ್ನದೊಂದೇ ತುಕ್ಕು ಬಣ್ಣದ ಅಸ್ಥಿಪಂಜರ ಹೊತ್ತು ಪೂಜೆಗೆ ನಿಲ್ಲುವುದು ಮರ್ಯಾದೆಯ ಪ್ರಶ್ನೆ ಎನಿಸಿ, ಹಸಿರು ಬಣ್ಣದ ಡಬ್ಬಿ ತೆರೆದು ಕೂತಿದ್ದೆ. ಬ್ರಶ್ಶು ಆ ಬಿರುಕಿನ ಹತ್ತಿರ ಬಂದಾಗ ಒಂದು ಗಳಿಗೆ ನಿಂತಿತು. ಶೆಡ್ಡಿಗೆ ಹೋಗಿ ಬರಲು ಹತ್ತು ನಿಮಿಷ ಸಾಕಿತ್ತು. ಹಬ್ಬ ಮುಗಿದ ಮೇಲೆ ಹೇಗೂ ಬೆಸೆಯುವವರೇ ಇದ್ದಾರೆ ಎಂದುಕೊಂಡು ಬಣ್ಣ ಎಳೆದುಬಿಟ್ಟೆ. ಈ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಹಬ್ಬದ ದಿನ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ, ಫೋನು ಬಂತು. ಅಡರಕಟ್ಟಿಯ ಒಬ್ಬ ರೈತ. ಅವನ ದನದ ಕೊಟ್ಟಿಗೆ ಕಟ್ಟುವಾಗ ನಾನೇ ನೀರು ಹಾಕಿದ್ದೆ. ಟ್ರ್ಯಾಕ್ಟರಿನ ಮುಂದೆ ಪೂಜೆಗೆ ಹಚ್ಚಿಟ್ಟ ದೀಪ ಗಾಳಿಗೆ ಉರುಳಿ, ಪಕ್ಕದ ಮೇವಿನ ಬಣವಿಗೆ ಬೆಂಕಿ ಹತ್ತಿತ್ತು. ಬಣವಿಯ ಮಗ್ಗುಲಿಗೇ ಕೊಟ್ಟಿಗೆ, ಅದರಾಚೆ ಸಾಲು ಮನೆಗಳು. "ಜಲ್ದಿ ಬಾರಪಾ, ಒಂದ ಎತ್ತ ಒಳಗ ಉಳದೈತಿ. ಅಗ್ನಿಶಾಮಕದವರು ಮತ್ತೊಂದ ಊರಾಗ ಬೆಂಕಿ ಆರ್ಸಾಕ ಹೋಗ್ಯಾರಂತ" ಎಂದ. ಅವನ ಹಿಂದೆ ಹೆಂಗಸರು ಚೀರುವುದು ಕೇಳಿಸುತ್ತಿತ್ತು.

ಪೂಜೆಗೆಂದು ತುಂಬಿಸಿಟ್ಟ ಟ್ಯಾಂಕು, ಬಾಯಿಮಟ. ಲಾರಿ ಹೊರಡಿಸಿದೆ. ಪ್ರತಿ ಗುಂಡಿಗೂ ಬೆನ್ನ ಹಿಂದೆ ಸ್ಟ್ಯಾಂಡು ಕಿರ್ ಎನ್ನುತ್ತಿತ್ತು. ರಾಟಿಯ ನಡುವಿನಿಂದಲೇ ನೀರು ಹಾದು ಪೈಪಿಗೆ ಬರಬೇಕು; ಸ್ಟ್ಯಾಂಡು ಮಲಗಿದರೆ ರಾಟಿ ಮುರಿಯುತ್ತದೆ, ನೀರು ನಿಲ್ಲುತ್ತದೆ, ಕೆಳಗೆ ಪೈಪು ಹಿಡಿದವರ ಮೇಲೆ ಅಷ್ಟು ಕಬ್ಬಿಣ ಬೀಳುತ್ತದೆ. ದಾರಿಯಲ್ಲಿ ಕಾಕಾ ಶೆಡ್ಡಿನ ಮುಂದೆ ಹೊರಸಿನ ಮೇಲೆ ಕೂತಿದ್ದರು. ಬ್ರೇಕು ಒತ್ತಿದೆ.

"ಅಡರಕಟ್ಯಾಗ ಬೆಂಕಿ ಕಾಕಾ. ಸ್ಟ್ಯಾಂಡ್ ತಡಕೊಂತೈತೇನ್ರಿ?"

ಅವರು ಲಾರಿ ಹತ್ತಿದರು. ಇನ್ನೂ ಅಂಟು ಆರದ ಹಸಿರು ಬಣ್ಣ ನೋಡಿದರು, ನನ್ನನ್ನು ನೋಡಲಿಲ್ಲ. ನಾಲ್ಕು ಕಾಲುಗಳಿಗೂ ಪಾನಾದಿಂದ ಬಡಿದು ಕಿವಿ ಹಚ್ಚಿದರು. ಕೊನೆಯ ಕಾಲಿನ ಹತ್ತಿರ ಎರಡು ಸಲ ಬಡಿದರು. ಕೆಳಗಿಳಿದಾಗ ಕಿವಿಯ ಕಚ್ಚಿಗೆ ಹಸಿರು ಬಣ್ಣ ಹತ್ತಿತ್ತು.

"ಈಗ ಬೆಸೆದುಕೊಡಾಕ ಆಗೂದಿಲ್ಲೇನ್ರಿ?" ಎಂದೆ.

ಕಾಕಾ ಶೆಡ್ಡಿನ ಕಡೆ ನೋಡಿದರು. ವೆಲ್ಡಿಂಗ್ ಮಷಿನ್ನು ಚೆಂಡುಹೂವಿನಲ್ಲಿ ಮುಚ್ಚಿತ್ತು, ಮುಂದೆ ದೀಪ. ಖಂಡೇನವಮಿಗೆ ಪೂಜೆಗಿಟ್ಟ ಹತ್ಯಾರವನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವುದಿಲ್ಲ.

"ಬಣ್ಣದ ಮ್ಯಾಲ ಬೆಸಿಗಿ ಹಿಡಿಯೂದಿಲ್ಲ. ಕೆರದು ಬೆಸೀಬೇಕಂದ್ರ ತಾಸು ಬೇಕು, ಬೆಂಕಿ ತಾಸು ಕಾಯತೈತೇನು? ಮಷಿನ್ನಿಗೆ ಇವತ್ತು ಸೂಟಿ. ನನಗಿಲ್ಲ." ಹೊರಸಿನ ಮೇಲಿದ್ದ ಟವೆಲ್ಲು ಹೆಗಲಿಗೆ ಹಾಕಿಕೊಂಡು ಲಾರಿಯ ಹಿಂಭಾಗಕ್ಕೇ ಹತ್ತಿದರು. "ನಡಿ."

ಊರಿನ ಸಂದಿಯಲ್ಲಿ ಲಾರಿ ಗೋಡೆಯ ತನಕ ಮಾತ್ರ ಹೋಯಿತು. ಗೋಡೆಯ ಆಚೆ ಕೊಟ್ಟಿಗೆ, ಅದರ ಮಾಡಿನ ಒಂದು ಮೂಲೆ ಆಗಲೇ ಹೊಗೆಯಾಡುತ್ತಿತ್ತು. ಇಬ್ಬರು ಪೈಪಿನ ತುದಿ ಹಿಡಿದು ಗೋಡೆ ಹಾರಿದರು. ರಾಟಿ ಗರಗರ ತಿರುಗಿತು. ಕಾಕಾ ನೆಟ್ಟಗೆ ಹಿಂದಿನ ಎಡಗಾಲಿನ ಹತ್ತಿರ ಹೋಗಿ, ಟವೆಲ್ಲು ಮಡಚಿ ಬಲ ಹೆಗಲ ಮೇಲಿಟ್ಟು, ಅಡ್ಡಪಟ್ಟಿಯ ಕೆಳಗೆ ಹೆಗಲು ಕೊಟ್ಟು, ಟ್ಯಾಂಕಿನ ಬುಡಕ್ಕೆ ಪಾದ ಊರಿ ಕೂತರು. ನಾಲ್ಕು ಕಾಲಿನಲ್ಲಿ ಅದೇ ಯಾಕೆ ಎಂದು ಕೇಳುವ ಪುರುಸೊತ್ತು ನನಗಿರಲಿಲ್ಲ, ಧೈರ್ಯವೂ ಇರಲಿಲ್ಲ. ಟ್ಯಾಂಕಿನ ಪಂಪು ಶುರು ಮಾಡಿದೆ.

ನೀರು ತುಂಬಿದ ಪೈಪು ಎಷ್ಟು ಭಾರ ಎಂದು ಹಿಡಿದವರಿಗೇ ಗೊತ್ತು. ಕೊಟ್ಟಿಗೆಯ ಬಾಗಿಲ ತನಕ ಹೋಗಲು ಆ ಇಬ್ಬರು ಪೈಪನ್ನು ಒಮ್ಮೆಲೇ ಜಗ್ಗಿದರು. ಟಕ್ ಎಂದಿತು. ಸದ್ದು ದೊಡ್ಡದಲ್ಲ, ಕಡ್ಡಿ ಮುರಿದಷ್ಟೇ. ಎಡಗಾಲಿನಿಂದ ಅಡ್ಡಪಟ್ಟಿ ಬಿಟ್ಟುಕೊಂಡು, ಸ್ಟ್ಯಾಂಡು ಓರೆಯಾಗಿ ಕಾಕಾನ ಮೇಲೆ ಬಂದು ಕೂತಿತು. ನಾನು ಪಂಪಿನ ಕಡೆ ಕೈ ಚಾಚಿದೆ, ನಿಲ್ಲಿಸಲು.

"ಮುಟ್ಟಬ್ಯಾಡ" ಎಂದರು ಕಾಕಾ. ಹಲ್ಲು ಕಚ್ಚಿಕೊಂಡೇ ಹೇಳಿದರು. "ನೀರ ನಡೀಲಿ. ನನ್ನ ಕಡೆ ನೋಡಬ್ಯಾಡ, ಬೆಂಕಿ ಕಡೆ ನೋಡು."

ನಾನು ಬೆಂಕಿಯ ಕಡೆ ನೋಡಲಿಲ್ಲ. ಅವರ ಕುತ್ತಿಗೆಯ ನರ ಉಬ್ಬಿದ್ದು, ಹಿಮ್ಮಡಿ ಸ್ವಲ್ಪ ಸ್ವಲ್ಪವೇ ಜಾರುತ್ತಿದ್ದದ್ದು ನೋಡುತ್ತ ನಿಂತಿದ್ದೆ. ನಾನೂ ಹೋಗಿ ಕೈ ಕೊಡಬೇಕೆಂದರೆ ಪಂಪಿನ ವಾಲ್ವು ಬಿಡುವ ಹಾಗಿರಲಿಲ್ಲ, ಬಿಟ್ಟರೆ ನೀರು ನಿಲ್ಲುತ್ತಿತ್ತು. ಗೋಡೆಯಾಚೆ ಯಾರೋ "ಎತ್ತ ಬಂತು, ಎತ್ತ ಬಂತು" ಎಂದು ಕೂಗಿದರು. ಟ್ಯಾಂಕು ಖಾಲಿಯಾಗುವ ತನಕ ಕಾಕಾ ಅಲ್ಲಾಡಲಿಲ್ಲ. ಬಣವಿ ಪೂರ್ತಿ ಹೋಯಿತು, ಮಾಡಿನ ಒಂದು ಮೂಲೆ ಸುಟ್ಟಿತು. ಎತ್ತು ಉಳಿಯಿತು, ಮನೆಗಳು ಉಳಿದವು. ಊರವರು ನಾಲ್ಕು ಮಂದಿ ಸ್ಟ್ಯಾಂಡು ಎತ್ತಿ ಹಿಡಿದ ಮೇಲೆಯೇ ಅವರನ್ನು ಹೊರಗೆ ಎಳೆಯಲು ಆದದ್ದು. ಬಲಗೈ ಜೋತುಬಿದ್ದಿತ್ತು.

ಮರುದಿನ ಬನ್ನಿ ಕೊಡಲು ಅವರ ಮನೆಗೆ ಹೋದೆ. ಹೆಗಲಿಗೆ ದೊಡ್ಡ ಕಟ್ಟು. ಎಡಗೈಯಲ್ಲೇ ಬನ್ನಿ ಎಲೆ ಕೊಟ್ಟು, "ಎಡಗೈ ಅಂತ ತಪ್ಪ ತಿಳೀಬ್ಯಾಡಪಾ, ಬಂಗಾರದಂಗ ಇರೂಣು" ಎಂದರು. ಅವತ್ತು ಹೇಳಿಬಿಡಬೇಕಿತ್ತು. ಗಂಟಲ ತನಕ ಬಂದಿತ್ತು. ಕಾಕಾನ ಹೆಂಡತಿ ಚಹಾ ತಂದಿಟ್ಟರು, ನಾನು ಚಹಾದ ಜೊತೆ ನುಂಗಿಬಿಟ್ಟೆ.

ಎರಡು ತಿಂಗಳಾದ ಮೇಲೆ ಸ್ಟ್ಯಾಂಡು ಬೆಸೆದುಕೊಟ್ಟರು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ; ಮುಂದೆಯೂ ಏಳಲಿಲ್ಲ. ಎತ್ತರದ ಜಾಯಿಂಟುಗಳಿಗೆ ಸ್ಟೂಲು ಹಾಕಿಕೊಂಡು, ನನ್ನ ಕೈಯಲ್ಲಿ ತಮ್ಮ ಮೊಣಕೈ ಹಿಡಿಸಿಕೊಂಡು ಬೆಸೆದರು. ಅಷ್ಟು ಎತ್ತರದ ಕೆಲಸ ಅವರು ಮಾಡಿದ್ದು ಅದೇ ಕೊನೆ. ಆಮೇಲೆ ಗೇಟು, ಕಿಟಕಿ, ಕೂತು ಮಾಡುವಂಥದ್ದು ಮಾತ್ರ. ಎಲ್ಲ ಮುಗಿದ ಮೇಲೆ ಹಿಂದಿನ ಎಡಗಾಲಿನ ಜಾಯಿಂಟು ತೋರಿಸಿ, "ಉಳಿದದ್ದಕ್ಕೆಲ್ಲ ಬಣ್ಣ ಹಚ್ಚು. ಇದೊಂದಕ್ಕ ಬ್ಯಾಡ. ಎಣ್ಣಿ ಒರಸಕೋತ ಇರು" ಎಂದರು.

ವಾರಕ್ಕೊಮ್ಮೆಯಾದರೂ ಶೆಡ್ಡಿಗೆ ಹೋಗುತ್ತಿದ್ದೆ. ಅವರ ಕಬ್ಬಿಣ ಎತ್ತಿಡುವುದು, ನೀರು ತುಂಬುವುದು, ಏನೋ ಒಂದು. ಊರಿನವರು ನನ್ನ ಒಳ್ಳೆಯತನ ಹೊಗಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಕಾಕಾ ಮಾತ್ರ ಆಗಾಗ ಕೆಲಸ ಬಿಟ್ಟು ನನ್ನ ಮುಖ ನೋಡುತ್ತ ಕೂರುತ್ತಿದ್ದರು. "ಏನರ ಹೇಳಾವಿದ್ದಿ ಏನು?" ಎನ್ನುತ್ತಿದ್ದರು. "ಏನಿಲ್ರಿ" ಎನ್ನುತ್ತಿದ್ದೆ.

ಹೀಗೆ ಎರಡು ವರ್ಷ. ಆಮೇಲೆ ಅವರ ಶ್ವಾಸಕೋಶ ಕೆಟ್ಟಿತು. ಗದಗಿನ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮೂಗಿಗೆ ನಳಿಗೆ ಇತ್ತು. "ಸ್ಟ್ಯಾಂಡ್ ಹೆಂಗೈತಿ?" ಎಂದು ಕೇಳಿದರು. ಅಷ್ಟು ಸಾಕಾಯಿತು. ನನಗೆ ಅಳು ತಡೆಯಲು ಆಗಲಿಲ್ಲ.

"ಕಾಕಾ, ಹಬ್ಬದ ಹಿಂದಿನ ದಿನಾನ ನನಗ ಬಿರುಕು ಕಂಡಿತ್ರಿ. ಕಂಡೂ ಬಣ್ಣ ಹಚ್ಚಿದೆ."

ಅವರು ಉಸಿರು ಸರಿಮಾಡಿಕೊಂಡರು. "ಗೊತ್ತೈತಿ. ಬಿರುಕು ಎಲ್ಲೈತಿ ಅಂತ ಗೊತ್ತಿಲ್ದ ಹೆಗಲ ಎಲ್ಲಿ ಕೊಡ್ತಿದ್ದೆಪಾ?"

"ಮತ್ತ ಅವತ್ತ ಯಾಕ ಬೈಲಿಲ್ರಿ?"

"ಬೈದಿದ್ರ ನೀ ಹೆದರಿ ಗಾಡಿ ಹೊರಳಿಸ್ತಿದ್ದಿ. ಎತ್ತು ಸಾಯತಿತ್ತು."

"ಆಮ್ಯಾಲರ ಬೈಬೇಕಿತ್ತಲ್ರಿ."

"ಆಮ್ಯಾಲ ನೀನ ಬಂದು ಹೇಳ್ತಿ ಅಂತ ಕಾದೆ."

ಹುಟ್ಟುವುದಕ್ಕೂ ಅವಸರ ಮಾಡಿದವನು ನಾನು. ಆ ಒಂದು ಮಾತಿಗೆ ಅವರನ್ನು ಎರಡು ವರ್ಷ ಕಾಯಿಸಿದ್ದೆ.

ಅದಾದ ಮೂರನೆಯ ವಾರ ಕಾಕಾ ಹೋದರು. ಈಗಲೂ ಪ್ರತಿ ಖಂಡೇನವಮಿಗೆ ಲಾರಿಗೆ ಹೊಸ ಬಣ್ಣ ಬೀಳುತ್ತದೆ, ಆ ಜಾಯಿಂಟೊಂದನ್ನು ಬಿಟ್ಟು. ಅದಕ್ಕೆ ಎಣ್ಣೆ ಒರೆಸಿ, ಪಾನಾದಿಂದ ಬಡಿದು, ಕಿವಿ ಹಚ್ಚಿ ಕೂರುತ್ತೇನೆ. ಓಣಿಯವರು ನಗುತ್ತಾರೆ. ಕಾಕಾನಷ್ಟು ನನಗೆ ಕೇಳಿಸುವುದಿಲ್ಲ. ಕೇಳಿಸಿದಷ್ಟನ್ನು ಮಾತ್ರ, ಯಾರಿಗೆ ಹೇಳಬೇಕೋ ಅವರಿಗೆ, ಅವತ್ತೇ ಹೋಗಿ ಹೇಳಿಬಿಡುತ್ತೇನೆ.