ಅಜ್ಜಿಯ ಕಾಯಿ ಎಲ್ಲಿ

ನಾನು ಮಾಡಿದ ಮೊದಲ ವಿಡಿಯೋ ಗೇಮ್ ಚೆನ್ನೆಮಣೆ. ಮರದ ಮಣೆಯ ಗುಳಿಗಳಿಗೆ ಮಂಜೊಟ್ಟಿ ಕಾಯಿ ಹಂಚುತ್ತ ಹೋಗುವ ಆಟ. ಮಣಿಪಾಲದಲ್ಲಿ ಓದಬೇಕಾದದ್ದನ್ನು ಬದಿಗಿಟ್ಟು, ದುಬೈಯ ಸೋದರಮಾವ ಕೊಟ್ಟ, ಪ್ರೋಗ್ರಾಮನ್ನು ಟೇಪ್ ಕ್ಯಾಸೆಟ್ಟಿನಲ್ಲಿ ಇಡುವ ಆ ಕಾಲದ ಪುಟ್ಟ ಕಂಪ್ಯೂಟರನ್ನು ಟೀವಿಗೆ ಸಿಕ್ಕಿಸಿ ಬರೆದದ್ದು. ಮಾವನಿಗೆ ಹಿಡಿಸಿದರೆ ಅವರ ದುಡ್ಡಿನಲ್ಲಿ ಉಡುಪಿಯಲ್ಲೊಂದು ಕೋಣೆ ಹಿಡಿದು ಗೇಮ್ ಕಂಪನಿ. ಇಲ್ಲದಿದ್ದರೆ ಅವರ ಹಿಂದೆ ದುಬೈಗೆ, ಗುಮಾಸ್ತನಾಗಿ.

ಮಾವ ಕಾಪುವಿನ ಮನೆಗೆ ಬಂದದ್ದು ಡಿಸೆಂಬರಿನಲ್ಲಿ. ಚೆನ್ನೆ ಆಡುವುದು ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ. ಉಳಿದಂತೆ ಮಣೆ ಅಟ್ಟದಲ್ಲಿ. ನಾನು ಸ್ವಿಚ್ ಒತ್ತುವ ಮೊದಲೇ ಅಜ್ಜಿ ಟೀವಿಗೆ ಅಡ್ಡ ನಿಂತರು.

"ಈಗ ಚೆನ್ನೆ ಆಡಿದರೆ ಮನೆಗೆ ಒಳ್ಳೆಯದಲ್ಲ."

ದೇವರಿಲ್ಲವೆಂದು ವಾದಿಸಿ ಕಾರ್ಕಳದ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವನು ನಾನು. ಆ ಕಪ್ಪನ್ನು ಅಜ್ಜಿ ದೇವರ ಕೋಣೆಯಲ್ಲಿಟ್ಟಿದ್ದರು, ಅದು ಬೇರೆ ಮಾತು.

"ಅಜ್ಜೀ, ಇದರಲ್ಲಿ ಮಣೆ ಉಂಟಾ? ಕಾಯಿ ಉಂಟಾ? ಬರೀ ಬೆಳಕು. ಇದು ಚೆನ್ನೆ ಹೇಗಾಗುತ್ತದೆ?"

"ಹಾಗಾದರೆ ಚೆನ್ನೆ ಅಲ್ವಾ ಇದು?"

"ಅಲ್ಲವೇ ಅಲ್ಲ."

ಅಜ್ಜಿ ಮಾವನ ಕಡೆ ತಿರುಗಿದರು. "ಕೇಳಿದೆಯಾ ಮಗಾ? ಚೆನ್ನೆ ಅಲ್ಲವಂತೆ. ಮತ್ತೆ ಜನ ಎಂತಕ್ಕೆ ದುಡ್ಡು ಕೊಡುವುದು?"

ನನ್ನ ವಾದದಿಂದಲೇ ನನ್ನನ್ನು ಕಟ್ಟಿಹಾಕಿದ್ದರು. ತೀರ್ಪುಗಾರ ಅವರ ಮಗ. ಮೇಲ್ಮನವಿಗೆ ಜಾಗವಿರಲಿಲ್ಲ.

"ಆಟಿಯಲ್ಲಿ ಅಮ್ಮ ಆಡಿ ನೋಡಲಿ," ಎಂದರು ಮಾವ. "ಚೆನ್ನೆ ಹೌದು ಎಂದರೆ ಕೋಣೆ ನೋಡುವ. ಇಲ್ಲದಿದ್ದರೆ ಪಾಸ್‌ಪೋರ್ಟ್ ಮಾಡಿಸು ಮಾರಾಯ."

ಆಟಿ ಬಂತು. ಅಜ್ಜಿ ಕನ್ನಡಕ ಏರಿಸಿ ಕುಳಿತರು. ಕೀಲಿ ಒತ್ತುವುದು ನಾನು, ಬೈಯುವುದು ಅವರು. ಕಂಪ್ಯೂಟರಿನ ಕಾಯಿಗಳನ್ನು ಒಂದೊಂದಾಗಿ ಬಾಚಿಕೊಂಡು ಅಜ್ಜಿ ಇನ್ನೇನು ಗೆಲ್ಲಬೇಕು ಎನ್ನುವಾಗ ಗಾಳಿಮಳೆಗೆ ಕರೆಂಟ್ ಹೋಯಿತು. ಮರಳಿ ಬಂದ ಮೇಲೆ ಕ್ಯಾಸೆಟ್ಟಿನಿಂದ ಗೇಮನ್ನು ಪುನಃ ಏರಿಸಿದೆ. ಆಟ ಮೊದಲಿನಿಂದ.

"ನನ್ನ ಕಾಯಿ ಎಲ್ಲಿ?"

"ಕರೆಂಟ್ ಹೋದಾಗ ಅಳಿಸಿಹೋಯಿತು, ಅಜ್ಜಿ."

"ಸೋಲುವಾಗ ಮಣೆ ಮಗುಚುವುದು ನಿನ್ನ ಅಜ್ಜನ ಬುದ್ಧಿ. ಇದಕ್ಕೂ ಅದನ್ನೇ ಕಲಿಸಿದ್ದೀಯಾ? ಕಳ್ಳಚೆನ್ನೆ."

ಒಳ್ಳೆಯ ವಾದವೊಂದು ನಾಲಗೆಯ ತುದಿಗೆ ಬಂದಿತ್ತು. ಜೀವನದಲ್ಲಿ ಮೊದಲ ಸಲ ನುಂಗಿದೆ. ಪಕ್ಕದ ಮನೆಗೆ ದುಬೈಯಿಂದ ಫೋನ್ ಬಂದಾಗ, ಅಜ್ಜಿ ಹೇಳಿದ್ದನ್ನು ಹಾಗೆಯೇ ಮಾವನಿಗೆ ಒಪ್ಪಿಸಿದೆ.

"ಅಮ್ಮ ಕಳ್ಳಚೆನ್ನೆ ಎಂದರಾ? ಹಾಗಾದರೆ ಅದು ಚೆನ್ನೆಯೇ," ಎಂದರು ಮಾವ. "ಕೋಣೆ ನೋಡು. ಆದರೆ ಮೊದಲು ಅಮ್ಮನ ಕಾಯಿ ವಾಪಸು ಕೊಡು."