ಹುಳುಕು ಹಲ್ಲಿನ ಬೆನ್ನುಬಿದ್ದ ಸಾಕಮ್ಮ

ಸಾಕಮ್ಮ ಮಕ್ಕಳ ಮುಂದೆ ಬಾಯಿಗೆ ಕೈಹಾಕಿ, ಮೇಲಿನ ಹಲ್ಲುಗಳನ್ನೆಲ್ಲ ತೆಗೆದು ಅಂಗೈಯಲ್ಲಿಟ್ಟು ತೋರಿಸುತ್ತಿದ್ದರು. "ನಿಮ್ಮಂಗೇ ಬೆಲ್ಲ ತಿಂತಿದ್ದೆ ಕಣ್ರಲಾ. ಈಗ ನೋಡಿ, ಕಟ್ಸಿದ್ ಹಲ್ಲು." ಹೆದರಬೇಕಿದ್ದ ಮಕ್ಕಳು "ಇನ್ನೊಂದ್ಸಲ ತೆಗೀರಿ ಸಿಸ್ಟ್ರೇ" ಎಂದು ಮುತ್ತಿಕೊಳ್ಳುತ್ತಿದ್ದವು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಶ್ರೀರಂಗಪಟ್ಟಣದಿಂದ ಕೆಳಗೆ, ಕಾವೇರಿಯ ನಡುಗಡ್ಡೆಯೊಂದರಲ್ಲಿ ಮೂವತ್ತು ಮನೆ, ಒಂದು ಆಲೆಮನೆ, ಒಂದು ಶಾಲೆ. ಟೀಚರು ನಾನೊಬ್ಬಳೇ. ಸರ್ಕಾರಿ ನರ್ಸ್ ಸಾಕಮ್ಮ ಹರಿಗೋಲಿನಲ್ಲಿ ಬಂದು ಚುಚ್ಚುಮದ್ದು ಹಾಕಿ ಹೋದರೆ ಸಾಕಿತ್ತು. ಆದರೆ ಹಗಲೆಲ್ಲ ಬೆಲ್ಲ ಚೀಪುವ ನಮ್ಮ ಮಕ್ಕಳ ಕಪ್ಪು ಹಲ್ಲು ಅವರನ್ನು ಸುಮ್ಮನಿರಗೊಡಲಿಲ್ಲ. ಬೇವಿನಕಡ್ಡಿ ಕೊಟ್ಟು, ಜಗಲಿಯಲ್ಲಿ ಸಾಲಾಗಿ ಕೂರಿಸಿ ಉಜ್ಜಿಸುತ್ತಿದ್ದರು. "ಬಾಯ್ ತೊಳ್ಕೊಳ್ಳಕ್ಕೆ ಸುತ್ತಾ ಕಾವೇರಿ ಅವ್ಳೆ, ಇನ್ನೇನ್ ಬೇಕು ನಿಮ್ಗೆ?"

ಆಲೆಮನೆಯ ಬೋರೇಗೌಡರು ಮಾತ್ರ ನಗುತ್ತಿದ್ದರು. "ಹಾಲಲ್ಲು ಕಣವ್ವ. ಬಿದ್ದೋಯ್ತವೆ, ಬುಡು."

ಒಂದು ಮಳೆಗಾಲ ಅವರ ಏಳು ವರ್ಷದ ಮಗಳು ಪುಟ್ಟಮಣಿಯ ಕೆನ್ನೆ ಊದಿಕೊಂಡಿತು. ಲವಂಗ ಇಟ್ಟರೂ ಇಳಿಯಲಿಲ್ಲ. ಮೂರನೆಯ ದಿನ ಒಂದು ಕಣ್ಣು ಮುಚ್ಚಿ, ಮೈ ಕೆಂಡವಾಯಿತು. ಕೆ.ಆರ್.ಎಸ್.ನಿಂದ ನೀರು ಬಿಟ್ಟಿದ್ದರಿಂದ ಸಾಕಮ್ಮನೂ ಹಿಂದಿನ ದಿನದಿಂದ ನಮ್ಮಲ್ಲೇ ಸಿಕ್ಕಿಕೊಂಡಿದ್ದರು. ಅಂಬಿಗ ಚಿಕ್ಕಣ್ಣ ಹರಿಗೋಲು ಕವುಚಿಹಾಕಿ ಕೂತಿದ್ದ.

"ಕೀವು ಮೇಲಕ್ಕೇರುದ್ರೆ ಮಗ ಉಳಿಯಕಿಲ್ಲ ಚಿಕ್ಕಣ್ಣ. ನಿಂಗ್ ಭಯ ಆದ್ರೆ ಕೋಲ್ನ ನನ್ ಕೈಗೆ ಕೊಡು," ಎಂದರು ಸಾಕಮ್ಮ.

ಚಿಕ್ಕಣ್ಣ ಎದ್ದು ಹರಿಗೋಲನ್ನು ನೀರಿಗಿಳಿಸಿದ. ಮಗುವನ್ನೆತ್ತಿಕೊಂಡ ಸಾಕಮ್ಮನ ಜೊತೆ ಬೋರೇಗೌಡರೂ ನಾನೂ ಹತ್ತಿದೆವು. ನಡುಹೊಳೆಯಲ್ಲಿ ಹರಿಗೋಲು ಗಿರಗಿರನೆ ತಿರುಗಿದಾಗ ಸಾಕಮ್ಮನಿಗೆ ವಾಂತಿಯಾಗಿ, ಹಲ್ಲಿನ ಸೆಟ್ಟು ನೀರಿಗೆ ಬಿತ್ತು. ಚಿಕ್ಕಣ್ಣ ತಿರುಗಿ ನೋಡಿದ. "ಹೋದ್ರೆ ಹೋಗ್ಲಿ, ನೀನ್ ಮುಂದಕ್ ನೋಡು," ಎಂದು ಸಾಕಮ್ಮ ಮಗುವನ್ನು ಇನ್ನಷ್ಟು ಅವುಚಿಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರು ಬೊಚ್ಚುಬಾಯಿಯ ನರ್ಸನ್ನೂ ಊದಿದ ಮಗುವನ್ನೂ ನೋಡಿ, "ಹಲ್ಲು ನೋವು ಯಾರಿಗೆ?" ಎಂದು ಕೇಳಿದರು. ಅಷ್ಟು ಹೊತ್ತು ಅಳುತ್ತಿದ್ದ ಬೋರೇಗೌಡರಿಗೂ ನಗು ಬಂತು. ಹಲ್ಲು ಕಿತ್ತು ಕೀವು ತೆಗೆದರು. ವಾರದೊಳಗೆ ಪುಟ್ಟಮಣಿ ಮನೆಗೆ ಬಂದಳು. ನೀರಿಳಿದ ಮೇಲೆ ಬೋರೇಗೌಡರೇ ಮುಂದೆ ನಿಂತು, ಊರಿನ ಮಕ್ಕಳನ್ನೆಲ್ಲ ಹಲ್ಲು ತೋರಿಸಲು ದಾಟಿಸಿದರು.

ಸಾಕಮ್ಮನಿಗೆ ನಾಗಮಂಗಲದ ಕಡೆ ವರ್ಗವಾಯಿತು. ನಾಲ್ಕು ವರ್ಷದ ಮೇಲೆ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನನ್ನ ಕ್ಷೇಮ ಕೇಳುವ ಮೊದಲೇ, "ಟೀಚ್ರೇ, ಪುಟ್ಟಮಣಿಗೆ ಆ ಜಾಗ್ದಲ್ಲಿ ಹೊಸ ಹಲ್ಲು ಬಂತಾ?" ಎಂದರು.

"ಬಂತು ಸಿಸ್ಟರ್. ಬೆಳ್ಳಗೆ, ಗಟ್ಟಿಯಾಗಿದೆ."

"ಸೊಟ್ಟಗಾಗಿಲ್ಲ ತಾನೆ?"

"ಇಲ್ಲ."

ಅವರ ಬಸ್ಸು ಹೊರಟಿತ್ತು. ಓಡಿ ಹತ್ತಿಕೊಂಡರು. ಆಮೇಲೆ ನಾನು ಅವರನ್ನು ನೋಡಲಿಲ್ಲ.