ಹಟ್ಟಿಯ ಹೊರಗಿನ ಗೋದಲಿ

ಗುಡಿಸಲು ಕಟ್ಟುವುದರಲ್ಲಿ ನನ್ನ ಕೈ ಪಳಗಿದೆ. ಕೆಡವುವುದರಲ್ಲೂ ಕಡಿಮೆಯಿಲ್ಲ ಅಂತ ಆ ಡಿಸೆಂಬರಿನಲ್ಲಿ ಗೊತ್ತಾಯಿತು.

ಮಧುಗಿರಿಯ ಒಂದು ಕಾನ್ವೆಂಟ್ ಶಾಲೆಯಲ್ಲಿ ನಾನು ಆಯಾ. ಕ್ರಿಸ್‌ಮಸ್ ಬಂದರೆ ಗೋದಲಿ ಕಟ್ಟುವ ಕೆಲಸ ನನ್ನದೇ. ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ. ಬಿದಿರ ಗಳ, ತೆಂಗಿನ ಸೋಗೆ, ರಾಗಿಹುಲ್ಲು ಕೊಟ್ಟರೆ ಒಂದು ಬೆಳಗಿನಲ್ಲಿ ನಿಲ್ಲಿಸಿಬಿಡುತ್ತೇನೆ. "ಎಷ್ಟು ನಿಜವಾಗಿದೆ! ಎಲ್ಲಿ ಕಲಿತಿರಿ?" ಅಂತ ಸಿಸ್ಟರ್ ಪ್ರತಿ ವರ್ಷ ಕೇಳುತ್ತಿದ್ದರು. ನಾನು ನಕ್ಕು ಹುಲ್ಲು ಹರಡುತ್ತಿದ್ದೆ. ಎಲ್ಲಿ ಕಲಿತೆ ಅಂತ ಹೇಳಿದರೆ ಅವರ ಹಬ್ಬ ಕೆಡುತ್ತಿತ್ತು.

ನಮ್ಮದು ಶಿರಾ ರಸ್ತೆಯಿಂದ ಒಳಗಿರುವ ಕುರಿ ಕಾಯುವವರ ಹಟ್ಟಿ. ನಮ್ಮಲ್ಲಿ ಹೆತ್ತ ಹೆಂಗಸು ಸೂತಕ ಕಳೆಯುವವರೆಗೆ ಮನೆಯೊಳಗೆ ಇರುವಂತಿಲ್ಲ. ಬೇಲಿಯಾಚೆ ಒಂದು ಸೋಗೆ ಗುಡಿಸಲು, ಅದರೊಳಗೆ ಬಾಣಂತಿ, ಕೂಸು. ಯಾರೂ ಮುಟ್ಟುವಂತಿಲ್ಲ, ಅನ್ನವನ್ನು ದೂರದಲ್ಲಿಟ್ಟು ಹೋಗುತ್ತಾರೆ. ನನ್ನ ಮೊದಲ ಮಗ ಅಂಥ ಗುಡಿಸಲಲ್ಲೇ ಶೀತ ಹಿಡಿದು ಸತ್ತ, ಹೆಸರಿಡುವ ಮುಂಚೆಯೇ. ಮಳೆ ನುಗ್ಗಿ ನೆಲವೆಲ್ಲ ಕೆಸರಾಗಿತ್ತು. ಗಂಟಲು ಹರಿಯುವ ಹಾಗೆ ಕೂಗಿದೆ. ನನ್ನ ಗಂಡನ ಅಣ್ಣ ಬೇಲಿಯವರೆಗೆ ಬಂದು, ಕಂಬಳಿ ಹೊದ್ದು ನಿಂತು ನೋಡಿದ. ಬೇಲಿ ದಾಟಲಿಲ್ಲ.

ನಾನು ಹೇಳಿದ ಆ ಡಿಸೆಂಬರಿನಲ್ಲಿ ನನ್ನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ನನ್ನ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯ ಯಜಮಾನಿಕೆಯೂ ಪಕ್ಕದ ಮನೆಯ ಭಾವನದೇ. ಆದರೂ ಹಟ ಹಿಡಿದು ಬಾಣಂತಿಯನ್ನು ನಡುಮನೆಯಲ್ಲೇ ಮಲಗಿಸಿದೆ. ಗೋದಲಿ ಮುಗಿಸಿ ಬಂದುಬಿಡುತ್ತೇನೆ ಅಂತ ಮಾರನೇ ದಿನ ಶಾಲೆಗೆ ಹೋದೆ.

ಸಿಸ್ಟರ್ ಗೊಂಬೆಗಳನ್ನು ಜೋಡಿಸುತ್ತಿದ್ದರು. "ಅರಮನೆ ಬಿಟ್ಟು ದೇವರು ಇಲ್ಲಿ ಹುಟ್ಟಿದ, ಅದಕ್ಕೇ ಈ ಜಾಗ ಪವಿತ್ರ," ಅಂದರು. ಆಮೇಲೆ ಕೋಲು ಹಿಡಿದ ಗೊಂಬೆಯೊಂದನ್ನು ನನ್ನ ಕೈಗಿಟ್ಟು ನಕ್ಕರು. "ಮೊದಲು ಬಂದು ಕೂಸನ್ನು ನೋಡಿದವರು ಯಾರು ಗೊತ್ತಾ? ಕುರಿ ಕಾಯುವವರು. ನಿಮ್ಮವರೇ!"

ನಮ್ಮವರಾ? ನಮ್ಮವರು ಯಾವತ್ತು ಬಂದಿದ್ದರು? ದೇವರು ಹುಟ್ಟಿದ್ದಕ್ಕೆ ಆ ಕೊಟ್ಟಿಗೆ ಪವಿತ್ರವಾಗಲಿಲ್ಲ, ಆ ಕುರಿಯವರು ಒಳಗೆ ಕಾಲಿಟ್ಟಿದ್ದಕ್ಕೆ ಆಯಿತು ಅಂತ ನನಗೆ ಆಗ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಅವರು ಬಾರದೆ ಹೋಗಿದ್ದರೆ ಆ ತಾಯಿಯೂ ನನ್ನ ಹಾಗೆ ಕೂಗಿಕೊಂಡು ಕೂತಿರುತ್ತಿದ್ದಳು. ಗೊಂಬೆಯನ್ನು ಅಲ್ಲೇ ಇಟ್ಟು ಬಸ್ಸು ಹತ್ತಿದೆ.

ಹಟ್ಟಿ ಮುಟ್ಟುವಾಗ ಸಂಜೆಯಾಗಿತ್ತು. ನಡುಮನೆ ಖಾಲಿ. ಬೇಲಿಯಾಚೆ ಹೊಸ ಸೋಗೆ ಗುಡಿಸಲು. ಮಗಳು ಒಳಗೆ ಮುದುರಿ ಕೂತಿದ್ದಳು. ಕೂಸಿನ ಕಾಲು ಮುಟ್ಟಿದೆ, ತಣ್ಣಗಿತ್ತು. ತುಟಿ ನೀಲಿಗಟ್ಟಿತ್ತು. ಭಾವ ಬೇಲಿಯ ಹತ್ತಿರ ನಿಂತಿದ್ದ.

"ಏನ್ ಭಾವ ಇದು?"

"ದ್ಯಾವ್ರು ಒಪ್ಪಲ್ಲ ಕಣಮ್ಮ. ನಾಳೆ ಹಟ್ಟಿಗೇನಾರ ಆದ್ರೆ ನೀನ್ ನೋಡ್ಕಂತೀಯಾ?"

ನಾನು ಮಗಳನ್ನೂ ಕೂಸನ್ನೂ ಆಚೆಗೆ ಎಳೆದು, ಸೌದೆ ಒಡೆಯುವ ಕೊಡಲಿ ತಂದು ಕಂಬಕ್ಕೆ ಹಾಕಿದೆ. ಗಳ ಮುರಿದು ಸೋಗೆ ನನ್ನ ಮೇಲೇ ಬಿತ್ತು. ಸದ್ದಿಗೆ ಓಡಿಬಂದ ಹಟ್ಟಿಯ ಹೆಂಗಸರು ಕಿರುಚಿಕೊಂಡರು. ಯಾರೋ ಕಲ್ಲೆಸೆದರು, ಬೆನ್ನಿಗೆ ಬಿತ್ತು. ಭಾವ ಕುರಿ ಕಾಯುವ ಕೋಲಿನಿಂದ ಹಣೆಗೆ ಬಾರಿಸಿದ. ರಕ್ತ ಕಣ್ಣಿಗಿಳಿದು ಏನೂ ಕಾಣಲಿಲ್ಲ. ಕೈಗೆ ಸಿಕ್ಕಿದ ಅವನ ಮುಂಗೈಯನ್ನು ಕಚ್ಚಿದೆ, ಅವನು ಅಯ್ಯೋ ಅನ್ನುವವರೆಗೂ ಬಿಡಲಿಲ್ಲ. ಆಮೇಲೆ ಬೆಂಕಿಕಡ್ಡಿ ಗೀರಿ ಸೋಗೆಗೆ ಹಾಕಿದೆ.

ಗುಡಿಸಲು ಧಗಧಗ ಉರಿಯಿತು. ಎಲ್ಲರೂ ಹಿಂದೆ ಸರಿದರು. ಮಗಳು ಮಾತ್ರ ಮುಂದೆ ಬಂದು, ಆ ಉರಿಗೆ ಹಿಡಿದು ಕೂಸಿನ ಅಂಗಾಲು ಕಾಯಿಸಿದಳು. ಕೂಸು ಅತ್ತಿತು. ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದೆ. ಒದ್ದೆ ಬಟ್ಟೆಯಲ್ಲಿ ಹಣೆ ಕಟ್ಟಿಕೊಂಡು ಹೊಸಲಿನ ಮೇಲೆ ಕೂತೆ. ಕೊಡಲಿ ಮಡಿಲಲ್ಲೇ ಇತ್ತು.

ಬೆಳಿಗ್ಗೆ ಭಾವ ಕುರಿ ಹೊಡೆದುಕೊಂಡು ಹೊರಟ. ಅವನ ಮುಂಗೈಗೂ ಬಟ್ಟೆ ಸುತ್ತಿತ್ತು. ನಮ್ಮ ಬಾಗಿಲ ಮುಂದೆ ನಿಂತ. ನಾನು ಕೊಡಲಿ ಹಿಡಿದು ಎದ್ದೆ.

"ಇಳಿಸು, ಒಡಿಯಾಕ್ ಬಂದಿಲ್ಲ. ಕೂಸ್ ಹೆಂಗೈತೆ?"

"ಒಳೀಕ್ ಬಂದ್ ನೋಡು."

ಅವನು ಹೊಸಲನ್ನೇ ನೋಡುತ್ತ ನಿಂತ. ಕುರಿಗಳು ಮುಂದೆ ಹೋಗಿ ಯಾರದೋ ಹೊಲಕ್ಕೆ ಬಾಯಿ ಹಾಕುತ್ತಿದ್ದವು. ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದ. ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಮೂಗು ನಮ್ಮವ್ವಂದೇ ಬುಡು," ಅಂದ. ನನ್ನ ಹಣೆಯ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಅವನು ಏಳುವಾಗ ಹೇಳಿಬಿಟ್ಟೆ. "ಬಾಗ್ಲಿಂದ ಕೂಸಿನ್ ತಾವ ಬಂದ್ಯಲ್ಲ, ಆವತ್ತು ಬೇಲಿಯಿಂದ ನನ್ ಮಗನ್ ತಾವಕ್ಕೂ ಇಷ್ಟೇ ದೂರ ಇತ್ತು ಭಾವ."

ಅವನು ಕಂಬಳಿಯನ್ನು ಮುಖದ ಮೇಲಕ್ಕೆ ಎಳೆದುಕೊಂಡು ಕುರಿಗಳ ಹಿಂದೆ ಹೋದ. ಚಪ್ಪಲಿ ನಮ್ಮ ಬಾಗಿಲಲ್ಲೇ ಉಳಿದಿತ್ತು.